ಮರ್ಸಿಯ ಮಹಾಶಕ್ತಿಯನ್ನು ಮುರಿದು ಕಟ್ಟಿದ್ದು ಸರಿಯೇ?

ಬ್ಲಿಝಾರ್ಡ್‌ನ ‘ಓವರ್‌ವಾಚ್’ ಗೇಮ್ 2016ರ ಮೇನಲ್ಲಿ ಬಂದಾಗ ತಂಡಕ್ಕೆ ಆರು ಜನ. ಅವರಲ್ಲಿ ಜೊತೆಗಾರರ ಗಾಯ ಮಾಯಿಸುವ ಹೀಲರ್ ಪಾತ್ರಗಳಲ್ಲಿ ಒಂದು ಮರ್ಸಿ. ಅವಳ ಮಹಾಶಕ್ತಿ, ಅಂದರೆ ಅಲ್ಟಿಮೇಟ್, ಆಗಿದ್ದ ‘ರೆಸರೆಕ್ಟ್’ ಬಳಸಿದರೆ ಹತ್ತಿರದಲ್ಲಿ ಸತ್ತುಬಿದ್ದ ಜೊತೆಗಾರರೆಲ್ಲ ಒಮ್ಮೆಗೇ ಎದ್ದು ನಿಲ್ಲುತ್ತಿದ್ದರು. 2017ರ ಸೆಪ್ಟೆಂಬರ್‌ನಲ್ಲಿ ಅದನ್ನು ಸಾಮಾನ್ಯ ಶಕ್ತಿಯಾಗಿ ಇಳಿಸಿ, 30 ಸೆಕೆಂಡಿಗೊಮ್ಮೆ ಒಬ್ಬರನ್ನಷ್ಟೇ ಎಬ್ಬಿಸುವಂತೆ ಮಾಡಿದರು. ಅಲ್ಟಿಮೇಟ್ ಜಾಗಕ್ಕೆ, 20 ಸೆಕೆಂಡು ಹಾರಾಡುತ್ತ ಹಲವರನ್ನು ಒಟ್ಟಿಗೇ ಗುಣಪಡಿಸುವ ‘ವಾಲ್ಕಿರಿ’ ಬಂತು. ಇದರಿಂದ ಆಟದ ಸಮತೋಲನಕ್ಕೆ ಒಳಿತಾಯಿತೇ?

ಪರ

ಜೊತೆಗಾರರು ಸಾಯುತ್ತಿರುವಾಗ ಹೀಲರ್ ಗೋಡೆಯ ಹಿಂದೆ ಅವಿತು ಕೂರುವುದೇ ಜಾಣತನ ಎನಿಸಿದರೆ ತಪ್ಪು ಆಟಗಾರರದಲ್ಲ, ನಿಯಮದ್ದು. ಹಳೆಯ ರೆಸರೆಕ್ಟ್ ಕಲಿಸಿದ್ದು ಅದನ್ನೇ. ಒಬ್ಬೊಬ್ಬರನ್ನು ಉಳಿಸುವ ಬದಲು ಎಲ್ಲರೂ ಬೀಳುವವರೆಗೆ ಕಾದು, ಓಡಿಬಂದು ಎಬ್ಬಿಸಿದರೆ ಲಾಭ ಹೆಚ್ಚು. ಎದುರಾಳಿಗಳು ತಮ್ಮ ಅಲ್ಟಿಮೇಟ್‌ಗಳನ್ನೆಲ್ಲ ಸುರಿದು ಗೆದ್ದ ಹೋರಾಟ ಒಂದು ಗುಂಡಿ ಒತ್ತಿದೊಡನೆ ಮಣ್ಣುಪಾಲಾಗುತ್ತಿತ್ತು. ಅವಿತು ಕಾಯುವ ಈ ಚಾಳಿಯನ್ನೂ ಎದುರಾಳಿಗಳ ಹತಾಶೆಯನ್ನೂ ಆಗಿನ ನಿರ್ದೇಶಕ ಜೆಫ್ ಕಪ್ಲಾನ್ ಬಹಿರಂಗವಾಗಿಯೇ ಒಪ್ಪಿಕೊಂಡಿದ್ದರು.

ಬದಲಾವಣೆ ಮರ್ಸಿಯನ್ನು ಮತ್ತೆ ಹೋರಾಟದ ನಡುವೆ ತಂದಿತು. ಈಗ ಅವಳು ಜೊತೆಗಾರರಿಂದ ಜೊತೆಗಾರರಿಗೆ ಹಾರಬೇಕು, ಯಾರನ್ನು ಎಬ್ಬಿಸಬೇಕೆಂದು ಆರಿಸಬೇಕು. ಹೀಲರ್ ಆಡುವವರಿಗೆ ಸಲ್ಲಬೇಕಾದ ಕೆಲಸ ಇದೇ.

ವಿರೋಧ

ಅವಿತು ಕೂರುವುದು ರೋಗವೇ ಹೌದು, ಒಪ್ಪುತ್ತೇನೆ. ಆದರೆ ಕೊಟ್ಟ ಮದ್ದು ಬೇರೆ ರೋಗಕ್ಕೆ. ಐವರನ್ನು ಎಬ್ಬಿಸುವುದು ಅಪರೂಪವಾಗಿತ್ತು. ಒಬ್ಬರನ್ನು ಎಬ್ಬಿಸುವುದು ದಿನಚರಿಯಾಯಿತು.

ಲೆಕ್ಕ ನೋಡಿ. ಆರು-ಆರರ ಹೋರಾಟದಲ್ಲಿ ಮೊದಲು ಒಬ್ಬರನ್ನು ಬೀಳಿಸಿದ ತಂಡವೇ ಬಹುಪಾಲು ಗೆಲ್ಲುತ್ತದೆ. ಆ ಮೊದಲ ಬಲಿಯನ್ನೇ ಮರ್ಸಿ 30 ಸೆಕೆಂಡಿಗೊಮ್ಮೆ ಅಳಿಸಿಹಾಕಿದರೆ, ದೂರದಿಂದ ಗುರಿಯಿಟ್ಟು ಹೊಡೆದವರ ಶ್ರಮಕ್ಕೆ ಬೆಲೆಯೇನು? ಕಬಡ್ಡಿಯಲ್ಲೂ ಔಟಾದವರು ಮರಳಿ ಬರುತ್ತಾರೆ, ಆದರೆ ತಂಡ ಎದುರಾಳಿಯನ್ನು ಔಟ್ ಮಾಡಿದ ಮೇಲೆ. ಹಳೆಯ ರೆಸರೆಕ್ಟ್ ಕೂಡ ಬಹುಮಟ್ಟಿಗೆ ದುಡಿಮೆಯ ಫಲವೇ ಆಗಿತ್ತು: ಗುಣಪಡಿಸಿದಷ್ಟೂ ಅಲ್ಟಿಮೇಟ್ ಬೇಗ ತುಂಬುತ್ತಿತ್ತು. ಹೊಸದಕ್ಕೆ ಗಡಿಯಾರ ನಡೆದರೆ ಸಾಕು.

ಹಾಗಾಗಿ ಮರ್ಸಿಯಿಲ್ಲದ ತಂಡ ಕಟ್ಟುವುದೇ ಕಷ್ಟವಾಯಿತು, ತಿದ್ದುಪಡಿಗಳ ಸಾಲು ಶುರುವಾಯಿತು. 2017ರ ನವೆಂಬರ್‌ನಲ್ಲಿ ಎಬ್ಬಿಸಲು 1.75 ಸೆಕೆಂಡು ಹಿಡಿಯುವಂತೆ, ಅಷ್ಟು ಹೊತ್ತು ಅವಳ ಚಲನೆ ತೀರಾ ನಿಧಾನವಾಗುವಂತೆ ಮಾಡಿದರು. 2018ರ ಜನವರಿಯಲ್ಲಿ ವಾಲ್ಕಿರಿ 15 ಸೆಕೆಂಡಿಗೆ ಇಳಿಯಿತು. ಅಷ್ಟಕ್ಕೂ ಮರ್ಸಿ ಜಗ್ಗಲಿಲ್ಲ. ಕೊನೆಗೆ ಆಗಸ್ಟ್‌ನಲ್ಲಿ ಕತ್ತರಿ ಬಿದ್ದದ್ದು ಅವಳ ಮೂಲ ಕಸುಬಿಗೇ: ಸೆಕೆಂಡಿಗೆ 60 ಇದ್ದ ಹೀಲಿಂಗ್ 50 ಆಯಿತು.

ಹತ್ತು ಅಂಕ ಸಣ್ಣದಲ್ಲ. 200 ಹೆಲ್ತ್ ಇರುವ ಪಾತ್ರವನ್ನು ಸಾವಿನ ಅಂಚಿನಿಂದ ಪೂರ್ತಿ ಗುಣಪಡಿಸಲು ಮೊದಲು ಸುಮಾರು 3.3 ಸೆಕೆಂಡು ಸಾಕಿತ್ತು, ಆಮೇಲೆ ನಾಲ್ಕು ಬೇಕಾಯಿತು. ಆ ಸುಮಾರು 0.7 ಸೆಕೆಂಡಿನೊಳಗೆ ಇನ್ನೊಂದು ಗುಂಡು ಬರುತ್ತದೆ. ಗುರಿ ಹಿಡಿಯುವ ಆಟ ಒಗ್ಗದೆ, ಎಲ್ಲರ ಮೇಲೆ ಕಣ್ಣಿಟ್ಟು ಕಾಪಾಡುವುದರಲ್ಲೇ ಸುಖ ಕಂಡವರು ಮರ್ಸಿಯನ್ನು ಆಡುತ್ತಿದ್ದರು. ಎಬ್ಬಿಸುವ ಶಕ್ತಿ ಮಾಡಿದ ಅನಾಹುತಕ್ಕೆ ದಂಡ ತೆತ್ತವರು ಅವರು. ಇದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ.

ಹೀಲಿಂಗ್ ಒಂದು ಸಂಖ್ಯೆ. ಐದು ಕೂಡಿಸಿ, ಐದು ಕಳೆದು ಹದಕ್ಕೆ ತರಬಹುದು. ಸಾವನ್ನು ರದ್ದು ಮಾಡುವುದಕ್ಕೆ ಅಂಥ ಹದವಿಲ್ಲ, ಬಿದ್ದವರು ಎದ್ದರು ಅಥವಾ ಏಳಲಿಲ್ಲ, ಅಷ್ಟೇ. ರೆಸರೆಕ್ಟ್ ಅನ್ನು ಪೂರ್ತಿ ತೆಗೆದು, ಆ 60 ಅನ್ನು ಮುಟ್ಟದೆ ಬಿಡಬೇಕಿತ್ತು.