ಅಟ್ಟದ ಮೇಲಿನ ಕ್ಯಾಸೆಟ್ ಎಸೆಯುವ ಮುನ್ನ



ಈ ಮನವಿ ಮುಖ್ಯವಾಗಿ ಎರಡು ಬಗೆಯ ಜನರಿಗೆ. 1975–76ರಲ್ಲಿ ಆಗಿನ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳಲ್ಲಿ ಶಾಲಾಮಕ್ಕಳಾಗಿ ಟಿ.ವಿ. ನೋಡಿದವರಿಗೆ, ಎಂಬತ್ತು–ತೊಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಬಂದದ್ದನ್ನು ಮನೆಯ ವಿಸಿಆರ್‌ನಲ್ಲಿ ರೆಕಾರ್ಡ್ ಮಾಡಿಟ್ಟುಕೊಂಡವರಿಗೆ. ನಿಮ್ಮ ನೆನಪಿನಲ್ಲಿ, ನಿಮ್ಮ ಅಟ್ಟದಲ್ಲಿ ಇರುವಂಥದ್ದು ಬೇರೆಲ್ಲೂ ಇರಲಿಕ್ಕಿಲ್ಲ. ದಯವಿಟ್ಟು ಅದನ್ನು ಹೊರತೆಗೆಯಿರಿ.

ಆ ಕಾಲದ ನಾಲ್ಕು ಜನ ಸೇರಿದರೆ ಮಾತು ಒಂದಲ್ಲ ಒಂದು ಸಲ ಹಳೆಯ ಟಿ.ವಿ.ಯ ಕಡೆಗೆ ಹೊರಳುತ್ತದೆ. ‘ಹಕ್ಕಿಗಳೆಲ್ಲ ಸೇರಿ ಬಲೆಯನ್ನೇ ಎತ್ತಿಕೊಂಡು ಹಾರಿಹೋಗುವ ಕಾರ್ಟೂನ್ ಬರ್ತಿತ್ತಲ್ಲ?’ ಎಂದು ಯಾರೋ ಕೇಳುತ್ತಾರೆ. ಅದು 1974ರಲ್ಲಿ ಫಿಲ್ಮ್ಸ್ ಡಿವಿಷನ್‌ಗಾಗಿ ವಿಜಯಾ ಮುಳೆ ಮಾಡಿದ ‘ಏಕ್ ಅನೇಕ್ ಔರ್ ಏಕ್ತಾ’. ಅನಿಮೇಷನ್ ಭೀಮ್‌ಸೇನ್ ಅವರದು. ಹಿಂದಿಯ ಗಂಧವಿಲ್ಲದ ನಮ್ಮ ಮಕ್ಕಳಿಗೂ ಆ ಕಥೆ ದಕ್ಕಿತು. ಅದಕ್ಕೊಂದು ಹೆಸರಿತ್ತು, ರಾಷ್ಟ್ರಪ್ರಶಸ್ತಿಯೂ ಬಂತು, ಹಾಗಾಗಿ ಉಳಿಯಿತು. ಕಾರ್ಯಕ್ರಮಗಳ ನಡುವೆ ಎರಡು ನಿಮಿಷ ಬಂದು ಹೋಗುತ್ತಿದ್ದ, ಹೆಸರೂ ಕಾಣಿಸದ ವಿಚಿತ್ರ ತುಣುಕುಗಳ ಗತಿ ಏನು?

ಯುಜಿಸಿಯ ‘ಕಂಟ್ರಿವೈಡ್ ಕ್ಲಾಸ್‌ರೂಮ್’ 1984ರ ಆಗಸ್ಟ್ 15ರಂದು ಶುರುವಾಯಿತು. ಕಾಲೇಜು ವಿದ್ಯಾರ್ಥಿಗಳಿಗೆಂದು ಇಂಗ್ಲಿಷಿನಲ್ಲಿ ಮಾಡಿದ ಆ ಪಾಠಗಳ ಮುಂದೆ, ಬೇರೆ ಚಾನೆಲ್ಲೇ ಇಲ್ಲದ ಕಾಲದಲ್ಲಿ, ಪ್ರಾಥಮಿಕ ಶಾಲೆಯ ಮಕ್ಕಳೂ ಕೂತರು. ಮಾತು ಅರ್ಥವಾಗದಿದ್ದರೂ ಕಂಡದ್ದು ಮನಸ್ಸಿನಲ್ಲಿ ಉಳಿಯಿತು. ಅಂಥ ಎಷ್ಟೋ ಚಿತ್ರಗಳನ್ನು ನಾವು ‘ಕನಸಿರಬೇಕು’ ಎಂದು ಬದಿಗಿಟ್ಟಿದ್ದೇವೆ.

ಇದಕ್ಕಿಂತ ಹಳೆಯ ಕಥೆಯೊಂದು ನಮ್ಮ ಉತ್ತರ ಕರ್ನಾಟಕದ್ದೇ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ನಾಸಾದ ಎಟಿಎಸ್–6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಬಂತು. ‘ಸೈಟ್’ ಎಂದು ಕರೆಸಿಕೊಂಡ ಈ ಪ್ರಯೋಗವನ್ನು ಇಲ್ಲಿ ನಡೆಸಿದ್ದು ಇಸ್ರೋ. ಅದರ ಅಹಮದಾಬಾದಿನ ಬಾಹ್ಯಾಕಾಶ ಅನ್ವಯಿಕ ಕೇಂದ್ರಕ್ಕೆ ಆಗ ಯಶ್ ಪಾಲ್ ನಿರ್ದೇಶಕರು. ಕೋಳಿಗೂಡಿಗೆ ಬಳಸುವಂಥ ತಂತಿಬಲೆಯಿಂದ ಮಾಡಿದ ಹತ್ತು ಅಡಿ ಅಗಲದ ಆಂಟೆನಾ ನೇರವಾಗಿ ಉಪಗ್ರಹದಿಂದಲೇ ಸಂಕೇತ ಹಿಡಿಯುತ್ತಿತ್ತು. ಬೆಳಿಗ್ಗೆ ಶಾಲಾಮಕ್ಕಳಿಗೆಂದು ಒಂದೂವರೆ ಗಂಟೆ. ಹಿಂದಿ, ಒಡಿಯಾ, ತೆಲುಗು, ಕನ್ನಡ ನಾಲ್ಕಕ್ಕೂ ಸಮಪಾಲು. ಕನ್ನಡಕ್ಕೆ ಸಿಕ್ಕಿದ್ದು 22½ ನಿಮಿಷ. ಕನ್ನಡದ ಕಾರ್ಯಕ್ರಮಗಳಿಗೆ ಹೈದರಾಬಾದಿನಲ್ಲಿ ನಿರ್ಮಾಣ ಕೇಂದ್ರವಿತ್ತು. ವರ್ಷ ತುಂಬುತ್ತಲೇ ಉಪಗ್ರಹವನ್ನು ಅಮೆರಿಕದವರು ತಮ್ಮ ಕಡೆಗೆ ಸರಿಸಿಕೊಂಡರು.

ಸಿನಿಮಾವನ್ನೇ ಅಪರೂಪಕ್ಕೆ ಕಂಡ ಮಗುವಿಗೆ ಪರದೆಯ ಮೇಲೆ ಏನು ತೋರಿಸಬೇಕು, ಹೇಗೆ ಮಾತಾಡಬೇಕು ಎಂಬುದಕ್ಕೆ ಆಗ ಮಾದರಿಯೇ ಇರಲಿಲ್ಲ. ಮಾಡಿದವರು ಹುಡುಕುತ್ತಾ ಮಾಡಿದರು. ಇವತ್ತು ನಮಗೆ ಅದು ವಿಚಿತ್ರವಾಗಿ ಕಾಣುವುದು ಆ ಹುಡುಕಾಟದಿಂದಲೇ. ಮಗುವಿಗೆ ಎಲ್ಲವನ್ನೂ ಅಗಿದು ತಿನ್ನಿಸಬೇಕಿಲ್ಲ, ಅರ್ಧ ಬಿಟ್ಟರೂ ಉಳಿದರ್ಧವನ್ನು ಅದೇ ಯೋಚಿಸುತ್ತದೆ ಎಂಬ ವಿಶ್ವಾಸ ಅದರಲ್ಲಿತ್ತು ಎಂದು ನಾನು ನಂಬುತ್ತೇನೆ. ಕನ್ನಡದ ಮಗುವಿಗೆ ಪರದೆಯ ಮೇಲೆ ಕನ್ನಡದಲ್ಲೇ ಪಾಠ ಹೇಳಿದ ಮೊದಲ ದೊಡ್ಡ ಪ್ರಯತ್ನ ಅದು. ಆ ಪಾಠಗಳಲ್ಲಿ ಒಂದನ್ನಾದರೂ ನೀವು ಆಮೇಲೆ ಎಲ್ಲಾದರೂ ನೋಡಿದ್ದೀರಾ?

ನೋಡುಗರ ಕೈಯಲ್ಲಿ ಏನಾಗುತ್ತದೆ ಎಂದು ಅನುಮಾನ ಬೇಡ. ಇತಿಹಾಸ, ವಿಜ್ಞಾನ ಕಲಿಸುವ ಉದ್ದೇಶವೂ ಸೇರಿ 1963ರಲ್ಲಿ ಬಿಬಿಸಿ ‘ಡಾಕ್ಟರ್ ಹೂ’ ಶುರುಮಾಡಿತು. ಮುಂದೆ ಅದರ ಎಷ್ಟೋ ಕಂತುಗಳ ಟೇಪುಗಳನ್ನು ಬಿಬಿಸಿಯೇ ಅಳಿಸಿಹಾಕಿತು. ಆದರೆ ಚಿತ್ರ ಹೋದ ಆ ಕಂತುಗಳ ಧ್ವನಿ ಮಾತ್ರ ಪೂರ್ತಿ ಉಳಿದಿದೆ. ಪ್ರಸಾರವಾಗುವಾಗ ಮನೆಯ ಟೇಪ್‌ರೆಕಾರ್ಡರಿನಲ್ಲಿ ಹಿಡಿದಿಟ್ಟುಕೊಂಡ ಅಭಿಮಾನಿಗಳ ಪುಣ್ಯದಿಂದ. ಅಮೆರಿಕದ ‘ಸೆಸೆಮೀ ಸ್ಟ್ರೀಟ್’ನಲ್ಲಿ 1975ರಲ್ಲಿ ಬಂದ ಒಂದು ತುಣುಕಿನಲ್ಲಿ ಗೋಡೆಯ ಬಿರುಕುಗಳು ಒಂಟೆ, ಕೋತಿ, ಕೋಳಿಯಾಗಿ ಹುಡುಗಿಯೊಬ್ಬಳ ಜೊತೆ ಆಡಲು ಹೊರಡುತ್ತವೆ, ಕೆಟ್ಟ ಬಿರುಕೊಂದು ಎದುರಾಗುತ್ತದೆ. ಅದನ್ನು ನೋಡಿ ಬೆದರಿದ ಮಕ್ಕಳು ದೊಡ್ಡವರಾಗಿ ವರ್ಷಗಟ್ಟಲೆ ಹುಡುಕಿದರು. 2013ರಲ್ಲಿ ಅದು ಎಲ್ಲರ ನೋಟಕ್ಕೆ ಸಿಕ್ಕಿತು. ಅವರ ನೆನಪು ಸುಳ್ಳಾಗಿರಲಿಲ್ಲ.

ಆದ್ದರಿಂದ ನನ್ನ ಕೋರಿಕೆಗಳು ಇಷ್ಟು.

ಮೊದಲನೆಯದು, ಮನೆ ಖಾಲಿ ಮಾಡುವಾಗ ಹಳೆಯ ವಿಎಚ್‌ಎಸ್ ಕ್ಯಾಸೆಟ್‌ಗಳನ್ನು ಗುಜರಿಗೆ ಹಾಕಬೇಡಿ. ‘ಬರೀ ಸಿನಿಮಾ’ ಎಂದು ಬರೆದ ಕ್ಯಾಸೆಟ್‌ನ ಹಿಂದೆ ಮುಂದೆಯೇ ಆ ತುಣುಕುಗಳು ಸಿಕ್ಕಿಕೊಂಡಿರುತ್ತವೆ. ಡಿಜಿಟಲ್‌ಗೆ ಇಳಿಸುವಾಗ ಜಾಹೀರಾತು, ಅಡಚಣೆಯ ಫಲಕ ಯಾವುದನ್ನೂ ಕತ್ತರಿಸಬೇಡಿ. ಕ್ಯಾಸೆಟ್‌ನ ಬೆನ್ನಿನ ಮೇಲಿನ ಪುಟ್ಟ ಪ್ಲಾಸ್ಟಿಕ್ ಚೂರನ್ನು ಮುರಿದರೆ ಅದರ ಮೇಲೆ ಮತ್ತೆ ರೆಕಾರ್ಡ್ ಆಗುವುದಿಲ್ಲ. ಟೇಪಿಗೆ ಬಿಳಿ ಬೂಷ್ಟು ಹಿಡಿದಿದ್ದರೆ ಯಂತ್ರಕ್ಕೆ ಹಾಕದೆ ತಿಳಿದವರಿಗೆ ಕೊಡಿ. ತಡಮಾಡಬೇಡಿ, ವಿಸಿಆರ್ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿಯೂ 2016ರಲ್ಲಿ ಕೈಬಿಟ್ಟಿತು. ಇರುವ ಯಂತ್ರಗಳು ಕೆಟ್ಟರೆ ಟೇಪು ಚೆನ್ನಾಗಿದ್ದೂ ಪ್ರಯೋಜನವಿಲ್ಲ.

ಎರಡನೆಯದು ಮೂರೂ ಜಿಲ್ಲೆಗಳ ಶಿಕ್ಷಕರಿಗೆ. ಸೈಟ್ ನೋಡಿದ ಮಕ್ಕಳು ಈಗ ಅರವತ್ತರ ಆಸುಪಾಸಿನಲ್ಲಿದ್ದಾರೆ. ಅವರ ಗುರುಗಳಲ್ಲಿ ಬದುಕಿರುವವರು ಕಡಿಮೆ. ನಿಮ್ಮ ವಿದ್ಯಾರ್ಥಿಗಳನ್ನು ಅವರ ಬಳಿ ಕಳಿಸಿ. ಊರು, ತರಗತಿ, ಟಿ.ವಿ. ಇಟ್ಟಿದ್ದ ಜಾಗ, ಅದನ್ನು ನೋಡಿಕೊಳ್ಳುತ್ತಿದ್ದವರು, ಕಂಡದ್ದು, ಮರುದಿನ ಶಾಲೆಯಲ್ಲಿ ಆಡಿದ ಮಾತು ಎಲ್ಲವನ್ನೂ ಅವರ ನುಡಿಯಲ್ಲೇ ಮೊಬೈಲಿನಲ್ಲಿ ಮುದ್ರಿಸಿಕೊಳ್ಳಲಿ. ಹೀಗಿತ್ತಾ, ಹಾಗಿತ್ತಾ ಎಂದು ಬಾಯಿಗೆ ಮಾತು ತುರುಕುವುದು ಬೇಡ. ಕಲಬುರಗಿ, ವಿಜಯಪುರದ ವಿಶ್ವವಿದ್ಯಾಲಯಗಳ ಪತ್ರಿಕೋದ್ಯಮ ವಿಭಾಗಗಳು ಇದನ್ನು ಕೂಡಿಡುವ ಹೊಣೆ ಹೊರಬೇಕು.

ಮೂರನೆಯದು, ಆ ಕಾರ್ಯಕ್ರಮಗಳಲ್ಲಿ ದುಡಿದ ಬರಹಗಾರರು, ಕಲಾವಿದರು, ತಂತ್ರಜ್ಞರು ಮತ್ತು ಅವರ ಮನೆಯವರಿಗೆ. ಹಸ್ತಪ್ರತಿ, ಫೋಟೊ, ಗೊಂಬೆ ಏನಿದ್ದರೂ ಹಳೆಯ ಸಾಮಾನೆಂದು ಬಿಸಾಡಬೇಡಿ.

ಕೊನೆಯದಾಗಿ ಪ್ರಸಾರ ಭಾರತಿ, ಇಸ್ರೋ ಹಾಗೂ ಫಿಲ್ಮ್ಸ್ ಡಿವಿಷನ್ ವಿಲೀನಗೊಂಡ ಎನ್‌ಎಫ್‌ಡಿಸಿ, ತಮ್ಮ ಸಂಗ್ರಹದಲ್ಲಿರುವ ಮಕ್ಕಳ ಶೈಕ್ಷಣಿಕ ಕಾರ್ಯಕ್ರಮಗಳ ಪಟ್ಟಿಯನ್ನು ಭಾಷಾವಾರು ಪ್ರಕಟಿಸಲಿ ಎಂದು ನಾವೆಲ್ಲ ಪತ್ರ ಬರೆದು ಕೇಳೋಣ. ಸಾರ್ವಜನಿಕ ಹಣದಲ್ಲಿ ಸಾರ್ವಜನಿಕರ ಮಕ್ಕಳಿಗಾಗಿ ಮಾಡಿದ್ದು ಅದು. ಕೇಳಲು ನಮಗೆ ಹಕ್ಕಿದೆ.

ಈ ಭಾನುವಾರ ಅಟ್ಟ ಹತ್ತಿ ನೋಡಿ. ಕ್ಯಾಸೆಟ್ ಸಿಗದಿದ್ದರೆ ಕಾಗದ ತೆಗೆದುಕೊಂಡು, ನೆನಪಿರುವ ಒಂದೇ ಒಂದು ತುಣುಕನ್ನಾದರೂ ಬರೆದು, ಕೆಳಗೆ ಊರು, ಇಸವಿ ಹಾಕಿ. ನಿಮ್ಮದೇ ನೆನಪು ಮತ್ತೊಂದು ಊರಿನ ಮತ್ತೊಬ್ಬರಲ್ಲೂ ಇದ್ದರೆ ಅದು ಕನಸಲ್ಲ ಎಂಬುದಕ್ಕೆ ಸಾಕ್ಷಿ ಸಿಕ್ಕಿತು. ಹುಡುಕುವವರಿಗೆ ಎಲ್ಲಿ ಹುಡುಕಬೇಕೆಂಬ ದಾರಿಯೂ ಸಿಕ್ಕಿತು.