ಬೆಣಚುಕಲ್ಲು ಸಕ್ಕರೆಯಾದ ಬಗೆ

ಅಕ್ಷರವನ್ನು ಬಲ್ಲವರು ಅನೇಕರು; ಅಕ್ಷರದ ಸವಿಯನ್ನು ಬಲ್ಲವರು ವಿರಳ. ಗೌನಿಪಲ್ಲಿಯ ಸೀಮೆಯವರು ಇದರ ನಿದರ್ಶನಕ್ಕಾಗಿ ದೂರ ಹೋಗಬೇಕಾದುದಿಲ್ಲ. ಹಿಂದೆ ಕೋಲಾರ ಜಿಲ್ಲೆಯಲ್ಲಿದ್ದು 2007ರಿಂದ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ ಕೈವಾರದ ಯೋಗಿ ನಾರೇಯಣರ ಬಾಳೇ ಅದಕ್ಕೆ ಸಾಕ್ಷಿ.

1726ರಲ್ಲಿ ಜನಿಸಿ 1836ರಲ್ಲಿ ಸಮಾಧಿಸ್ಥರಾದರೆಂದು ಸಂಪ್ರದಾಯವು ಹೇಳುವ ಈ ಮಹನೀಯರನ್ನು ಜನರು ಕೈವಾರ ತಾತಯ್ಯನವರೆಂದೇ ಕರೆಯುತ್ತಾರೆ. ಬಳೆಯ ಮಲಾರವನ್ನು ಹೊತ್ತು ಊರೂರು ತಿರುಗಿದ ಸಂಸಾರಿಗಳು ಅವರು. ಪರದೇಶಿಸ್ವಾಮಿಗಳು ಅವರಿಗೆ ಅಷ್ಟಾಕ್ಷರೀ ಮಂತ್ರವನ್ನು ಉಪದೇಶಿಸಿ, ಬಾಯಲ್ಲಿ ಬೆಣಚುಕಲ್ಲೊಂದನ್ನು ಇರಿಸಿಕೊಂಡು ಜಪಿಸುವಂತೆ ವಿಧಿಸಿದರಂತೆ. ಜಪವು ಸಿದ್ಧಿಸಿದಾಗ ಆ ಕಲ್ಲು ಕಲ್ಲುಸಕ್ಕರೆಯಾಯಿತಂತೆ.

ಇದನ್ನು ಪವಾಡವೆಂದು ಕೈಮುಗಿದು ಸುಮ್ಮನಾಗುವುದು ಸುಲಭ. ಆದರೆ ಕಥೆಯ ತಿರುಳಿರುವುದು ಸಾಧನೆಯಲ್ಲಿ. ಅಕ್ಷರವನ್ನು ಸಾಧನೆಯ ಸೋಪಾನವಾಗಿಸಿದವರು ಅನ್ಯದೇಶಗಳಲ್ಲಿಯೂ ಉಂಟು. 1240ರಲ್ಲಿ ಸ್ಪೇನಿನ ಸರಗೋಸಾದಲ್ಲಿ ಜನಿಸಿದ ಯೆಹೂದ್ಯ ಅನುಭಾವಿ ಅಬ್ರಹಾಂ ಅಬುಲಾಫಿಯಾ, ಭಗವನ್ನಾಮದ ಅಕ್ಷರಗಳನ್ನು ಉಸಿರಿನೊಡನೆ ಹೊಂದಿಸಿ ಧ್ಯಾನಿಸುವ ಕ್ರಮವನ್ನು ಬೋಧಿಸಿದನು. ದೇಶ ಬೇರೆ, ಮತ ಬೇರೆ. ಅಕ್ಷರದ ಮೂಲಕ ಅಂತರಂಗವನ್ನು ಮುಟ್ಟುವ ಹಂಬಲ ಒಂದೇ.

ತಾತಯ್ಯನವರಿಗೆ ಒಲಿದ ಅಕ್ಷರ ಒಂದೇ ನುಡಿಯದಲ್ಲ. ಅವರ 'ಅಮರನಾರೇಯಣ ಶತಕ' ತೆಲುಗಿನಲ್ಲಿದೆ. ಕೀರ್ತನೆಗಳು ತೆಲುಗು ಕನ್ನಡಗಳೆರಡರಲ್ಲಿಯೂ ಇವೆ. ಗಡಿನಾಡಿನ ಶಾಲೆಗಳು ಮನನಮಾಡಬೇಕಾದ ವಿಷಯವಿದು. ಮನೆಯಲ್ಲಿ ತೆಲುಗನ್ನಾಡಿ ಶಾಲೆಗೆ ಬರುವ ಕೂಸಿಗೆ ಕನ್ನಡದ ಅಕ್ಷರವು ಮೊದಲು ಬಾಯೊಳಗಿನ ಬೆಣಚುಕಲ್ಲೇ ಸರಿ. ಅದರ ಮನೆಮಾತನ್ನು ಹಳಿದರೆ ಆ ಕಲ್ಲು ಎಂದಿಗೂ ಕರಗದು.

ಮನೆಮಾತಿಗೆ ಮನ್ನಣೆಯಿತ್ತರೆ ಕನ್ನಡವು ಸೊರಗೀತೆಂದು ಶಂಕಿಸುವವರುಂಟು. ಶಂಕೆಯ ಹಿಂದಿನ ನಾಡಭಿಮಾನವು ಗೌರವಾರ್ಹವೇ. ಆದರೆ ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ರಚಿಸಿದ ಬಸವಪುರಾಣವನ್ನು ಭೀಮಕವಿಯು 1369ರಲ್ಲಿ ಕನ್ನಡಕ್ಕೆ ತಂದಾಗ ಕನ್ನಡವು ಬಡವಾಗಲಿಲ್ಲ. ಬಸವಣ್ಣನವರ ಚರಿತೆಯಿಂದ ಮತ್ತಷ್ಟು ಸಂಪನ್ನವಾಯಿತು.

ಆದುದರಿಂದ ಉಪಾಧ್ಯಾಯರು ಶಾಲೆಯ ಪ್ರಾರ್ಥನೆಯಲ್ಲಿ ವಚನಗಳೊಡನೆ ತಾತಯ್ಯನವರ ಕೀರ್ತನೆಗಳನ್ನೂ, ಎರಡು ನುಡಿಗಳಲ್ಲಿಯೂ, ಅರ್ಥಸಹಿತ ಹಾಡಿಸುವುದು ಯುಕ್ತ. ದಾನಿಗಳು ಕಟ್ಟಡಕ್ಕೆ ನೀಡುವ ಧನದಲ್ಲಿ ಒಂದಂಶವನ್ನು ಆ ಗ್ರಂಥಗಳಿಗಾಗಿ ಮೀಸಲಿಟ್ಟರೆ ಗ್ರಂಥಭಂಡಾರವು ಸಾರ್ಥಕವಾದೀತು. ಕಲ್ಲನ್ನು ಕೊಡುವುದು ಗುರುವಿನ ಕೆಲಸ, ಜಪಿಸುವುದು ಶಿಷ್ಯನ ಕೆಲಸ. ಅದು ಸಕ್ಕರೆಯಾಗುವವರೆಗೆ ತಾಳ್ಮೆಯಿಂದ ಕಾಯುವುದು ಇಬ್ಬರ ಧರ್ಮ.