ಮನೆ ಸಿಂಗಾರ ಯಾರಿಗೆ? ಬರೋ ನೆಂಟರಿಗೋ, ಇರೋ ಮಂದಿಗೋ?

ಬಳ್ಳಾರಿಗೆ ಇರುವುದು ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂಬ ನಗೆಮಾತು ಈ ಕಡೆಯವರಿಗೆ ಹೊಸದೇನಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಪಾದರಸ 40 ಡಿಗ್ರಿ ದಾಟಿತೆಂದರೆ ಬಸ್ಸಿನ ಕಂಬಿ ಹಿಡಿದ ಕೈ ಚುರ್ ಎನ್ನುತ್ತದೆ. ಇಂಥ ಸೀಮೆಯಲ್ಲಿ ಈಗ ಮನೆ ಕಟ್ಟುವವರು ಮಾಡುತ್ತಿರುವುದಾದರೂ ಏನು? ಪಡುವಣ ಬಿಸಿಲಿಗೆ ಎದೆಯೊಡ್ಡಿ ನಿಂತ ಗಾಜು, ತಲೆಯ ಮೇಲೆ ಪಿಓಪಿ, ಕಾಲ ಕೆಳಗೆ ಕನ್ನಡಿಯಂಥ ಟೈಲ್ಸು, ಪಡಸಾಲೆಯಲ್ಲಿ ಮಖಮಲ್ಲಿನ ಸೋಫಾ! ನೋಡಲಿಕ್ಕೆ ಅರಮನೆ. ಮಧ್ಯಾಹ್ನ ಎರಡು ಗಂಟೆಗೆ ಒಳಗೆ ಕೂತರೆ ಇಟ್ಟಿಗೆ ಭಟ್ಟಿ.

ಇದು ಬರೀ ಪಟ್ಟಣದ ಶೋಕಿ ಎಂದು ತಳ್ಳಿಹಾಕುವ ಹಾಗಿಲ್ಲ. ಬಳ್ಳಾರಿಯಲ್ಲಿ ಕಂಡದ್ದು ಕುರುಗೋಡಿಗೆ, ಸಿರುಗುಪ್ಪಕ್ಕೆ ಹೋಗಲು ಈಗ ವರ್ಷ ಬೇಕಿಲ್ಲ. ಕೊಳಗಲ್ಲಿನಂಥ ಊರಿಗೂ ಈ ಗಾಳಿ ಬೀಸದೆ ಇರುವುದಿಲ್ಲ. ಈ ಕೊಳಗಲ್ಲು ಸಾಮಾನ್ಯ ಊರಲ್ಲ ಸ್ವಾಮಿ. ರಾಷ್ಟ್ರಕೂಟರ ಮೂರನೇ ಕೃಷ್ಣ ತೀರಿಕೊಂಡು ಖೊಟ್ಟಿಗ ಪಟ್ಟಕ್ಕೆ ಬಂದನೆಂದು ತಿಳಿಸುವ ಕ್ರಿ.ಶ. 967ರ ಶಾಸನ ಸಿಕ್ಕಿದ್ದು ಇಲ್ಲೇ. ಸಾವಿರ ವರ್ಷಕ್ಕೂ ಮಿಕ್ಕಿ ಬಿಸಿಲು ಉಂಡ ಊರು. ಬಿಸಿಲಿನ ಜೊತೆ ಬಾಳುವೆ ಮಾಡುವುದನ್ನು ಇದಕ್ಕೆ ಹೊರಗಿನವರು ಬಂದು ಕಲಿಸಬೇಕೆ?

ಅಜ್ಜನ ಮಾಳಿಗೆ ಕಲಿಸಿದ್ದು

ಈ ಭಾಗದ ಹಳೇ ಮಾಳಿಗೆ ಮನೆಯನ್ನು ನೆನಪಿಗೆ ತಂದುಕೊಳ್ಳಿ. ಕಲ್ಲು ಮಣ್ಣಿನ ದಪ್ಪ ಗೋಡೆ. ಮೇಲೆ ತೊಲೆ, ಜಂತಿ, ಅದರ ಮೇಲೆ ಚೌಳು ಮಣ್ಣಿನ ಹೊದಿಕೆ. ಕಿಟಕಿ ಸಣ್ಣದು, ಬೆಳಕಿಗೆ ಮಾಳಿಗೆಯಲ್ಲೇ ಗವಾಕ್ಷಿ. ಬಿಸಿ ಗಾಳಿ ಅಲ್ಲಿಂದಲೇ ಹೊರಗೆ. ಹಗಲಿನ ಕಾವು ಆ ದಪ್ಪ ಗೋಡೆ ದಾಟಿ ಒಳಗೆ ಬರುವಷ್ಟರಲ್ಲಿ ಹೊತ್ತು ಮುಳುಗಿರುತ್ತಿತ್ತು. ಆ ಹೊತ್ತಿಗೆ ಮನೆಮಂದಿಯೆಲ್ಲ ಚಾಪೆ ಸುರುಳಿ ಹಿಡಿದು ಮಾಳಿಗೆ ಏರಿರುತ್ತಿದ್ದರು.

ಸಾಮಾನು ಇಡುವ ವ್ಯವಸ್ಥೆಯೂ ಕಮ್ಮಿಯದ್ದಲ್ಲ. ದೀಪಕ್ಕೆ ಗೋಡೆಯ ಗೂಡು, ಡಬ್ಬಿಗಳಿಗೆ ನಾಗಂದಿಗೆ, ಬಟ್ಟೆಗೆ ಗಳ, ಕೂಡಲು ಬಾಗಿಲ ಎರಡೂ ಕಡೆ ಕಟ್ಟೆ. ಇವತ್ತು ‘ಬಿಲ್ಟ್ ಇನ್ ಫರ್ನಿಚರ್’ ಎಂದು ಸಾವಿರಗಟ್ಟಲೆ ಎಣಿಸಿಕೊಡುವ ಸರಕು ಅಂದು ಗೋಡೆಯ ಜೊತೆಗೇ ಬರುತ್ತಿತ್ತು.

ಹಾಗೆಂದು ಹಳೇದೆಲ್ಲ ಬಂಗಾರ ಎನ್ನುವಂತಿಲ್ಲ. ಮಳೆಗಾಲಕ್ಕೆ ಮೊದಲು ಮಾಳಿಗೆಗೆ ಮಣ್ಣು ಹಾಕದಿದ್ದರೆ ಒಳಗೆಲ್ಲ ಸೋರಿಕೆ. ಜಂತಿಯಿಂದ ಚೇಳು ಬೀಳುವುದೂ ಉಂಟು. ಒಳಕೋಣೆಯಲ್ಲಿ ಹಗಲಲ್ಲೇ ಕತ್ತಲು. ಜಡಿಮಳೆಗೆ ಗೋಡೆ ಕುಸಿದು ಜೀವ ಹೋದ ಸುದ್ದಿ ಪ್ರತಿ ಮಳೆಗಾಲವೂ ಒಂದಲ್ಲ ಒಂದು ಕಡೆಯಿಂದ ಬರುತ್ತದೆ. ನೆಲ ಸಾರಿಸಿ ಸಾರಿಸಿ ಸೊಂಟ ಹಿಡಿಸಿಕೊಂಡವರು ಹೆಂಗಸರು. ಅವರಿಗೆ ಒರೆಸಿದರೆ ಸಾಕು ಎನ್ನುವ ನೆಲ ಬೇಕೆನಿಸಿದರೆ ತಪ್ಪೇನು? ಹೊಸ ಮನೆ ಬೇಡ ಎಂದು ಯಾರೂ ಹೇಳಬಾರದು. ಆದರೆ ಹೊಸದು ಕಟ್ಟುವಾಗ ಹಳೇದರ ಬುದ್ಧಿಯನ್ನೂ ಮಣ್ಣಿನ ಜೊತೆ ಟ್ರ್ಯಾಕ್ಟರಿಗೆ ತುಂಬಿ ಹೊರಗೆ ಸುರಿಯಬೇಕೆ ಎಂಬುದೇ ಪ್ರಶ್ನೆ.

ಫೋನಿನೊಳಗಿನ ಮನೆ

ಈಗ ಮನೆಯ ಅಲಂಕಾರ ಹುಟ್ಟುವುದು ಮೊಬೈಲ್ ಫೋನಿನಲ್ಲಿ. ಮಗಳು ಒಂದು ಚಿತ್ರ ತೋರಿಸುತ್ತಾಳೆ, ಅಳಿಯ ಇನ್ನೊಂದು ಕಳಿಸುತ್ತಾನೆ. ಯಜಮಾನರು ಅದನ್ನೇ ಹಿಡಿದು ಮೇಸ್ತ್ರಿಯ ಮುಂದೆ ನಿಲ್ಲುತ್ತಾರೆ.

“ಮೇಸ್ತ್ರಿ, ಥೇಟ್ ಹಿಂಗೇ ಆಗ್ಬೇಕು ನೋಡಪ್ಪ.”

“ಆಗ್ತೈತೆ ಗೌಡ್ರೇ, ಯಾಕಾಗಲ್ಲ? ಖರ್ಚು ಬರ್ತೈತೆ ಅಷ್ಟೇ.”

ಅಲ್ಲಿಗೆ ಮುಗಿಯಿತು. ಆ ಚಿತ್ರದ ಮನೆ ಯಾವ ದೇಶದ್ದು, ಅಲ್ಲಿ ಬಿಸಿಲೆಷ್ಟು, ಚಳಿಯೆಷ್ಟು ಎಂದು ಕೇಳುವವರಿಲ್ಲ. ವರ್ಷದಲ್ಲಿ ಆರು ತಿಂಗಳು ಬಿಸಿಲಿಗೆ ಬಾಯಿ ಬಿಡುವ ದೇಶದವರು ಗೋಡೆ ತುಂಬ ಗಾಜು ಹಾಕಿಸುತ್ತಾರೆ. ಚಳಿ ತಡೆಯಲಿಕ್ಕೆ ದಪ್ಪ ಮಖಮಲ್ಲು, ಕಾಲು ಹೂತುಹೋಗುವ ಕಾರ್ಪೆಟ್ಟು, ಕಡುಬಣ್ಣದ ಗೋಡೆ ಇಡುತ್ತಾರೆ. ಅವರಿಗೆ ಅದು ಸರಿ. ಅದನ್ನೇ ತಂದು ಬಳ್ಳಾರಿಯಲ್ಲಿ ನಿಲ್ಲಿಸಿದರೆ ಗಾಜಿನಿಂದ ಬಂದ ಬಿಸಿಲು ಒಳಗೇ ಸಿಕ್ಕಿಕೊಳ್ಳುತ್ತದೆ, ಮಖಮಲ್ಲು ಧೂಳು ಕುಡಿಯುತ್ತದೆ. ಎರೆಹೊಲದ ಮಣ್ಣು, ಅದಿರಿನ ಲಾರಿಯ ಕೆಂಧೂಳು ಎರಡೂ ಸೇರಿ ಆರು ತಿಂಗಳಿಗೆ ಸೋಫಾ ತನ್ನ ಬಣ್ಣವನ್ನೇ ಮರೆಯುತ್ತದೆ. ಕೊನೆಗೆ ಅದರ ಮೇಲೊಂದು ಹಳೇ ಚಾದರ! ಮಖಮಲ್ಲಿಗೆ ಕೊಟ್ಟ ದುಡ್ಡು ಚಾದರದ ಕೆಳಗೆ.

ಕಾಂಕ್ರೀಟಿನ ತಾರಸಿ ಹಗಲೆಲ್ಲ ಕುಡಿದ ಕಾವನ್ನು ರಾತ್ರಿ ಮಲಗಿದವರ ಮೇಲೆ ಬಿಡುತ್ತದೆ. ಪಿಓಪಿ ಆ ಝಳವನ್ನು ಸ್ವಲ್ಪ ತಡೆಯುವುದು ನಿಜ. ಆದರೆ ಕೋಣೆಯ ಎತ್ತರವನ್ನೂ ಅದು ನುಂಗುತ್ತದೆ. ಎರೆಮಣ್ಣಿನ ಮೇಲೆ ಕಟ್ಟಿದ ಮನೆಯ ಕಷ್ಟ ಬೇರೆ. ಆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಪಾಯ ಸರಿಯಿಲ್ಲದಿದ್ದರೆ ಗೋಡೆಗೆ ಬಂದ ಬಿರುಕು ಪಿಓಪಿಯ ಹೂಬಳ್ಳಿಯನ್ನೂ ಬಿಡುವುದಿಲ್ಲ. ಪಾಯಕ್ಕೆ ಕೈ ಬಿಗಿ ಹಿಡಿದು ಸೀಲಿಂಗಿಗೆ ಕೈ ಸಡಿಲ ಬಿಡುವುದು ಯಾವ ಲೆಕ್ಕ? ಅಡಿಗೆಮನೆಗೆ ಹಾಕಿಸುವ ಪುಡಿಕಟ್ಟಿಗೆಯ ಬೋರ್ಡಿನ ಕಪಾಟೂ ಅಷ್ಟೆ. ಮೇಲೆ ಸನ್‌ಮೈಕಾ ಮಿರಮಿರ ಮಿಂಚುತ್ತದೆ, ಸಿಂಕಿನ ನೀರು ಇಳಿಯಿತೆಂದರೆ ಒಳಗಿನ ಹಲಗೆ ನೆನೆದ ರೊಟ್ಟಿಯಂತೆ ಉಬ್ಬುತ್ತದೆ.

ಅವ್ವ ಎಲ್ಲಿ ಕೂಡಬೇಕು?

ದುಡ್ಡಿಗಿಂತ ದೊಡ್ಡ ಸಂಗತಿಯೊಂದಿದೆ. ಹೀಗೆ ಸಿಂಗಾರವಾದ ಮನೆಯಲ್ಲಿ ಎಪ್ಪತ್ತು ದಾಟಿದ ಅವ್ವ ಎಲ್ಲಿ ಕೂಡಬೇಕು? ಸೋಫಾದಲ್ಲಿ ಹೂತರೆ ಏಳಲಿಕ್ಕೆ ಮಂಡಿ ಬಿಡದು. ಟೈಲ್ಸಿನ ಮೇಲೆ ನಡೆದರೆ ಜಾರುವ ಭಯ. ಒಮ್ಮೆ ಬಿದ್ದು ಸೊಂಟದ ಎಲುಬು ಮುರಿದರೆ ಆ ವಯಸ್ಸಿನಲ್ಲಿ ಮತ್ತೆ ಎದ್ದು ಓಡಾಡುವುದು ಸುಲಭವಲ್ಲ. ಹೊರಗಿನ ಕಟ್ಟೆಯಲ್ಲಿ ಕೂತು ಹೋಗಿಬರುವವರನ್ನು ಮಾತಾಡಿಸೋಣವೆಂದರೆ ಅದನ್ನು ಒಡೆದು ಕಾರಿಗೆ ಜಾಗ ಮಾಡಿದ್ದಾಗಿದೆ. ಕೊನೆಗೆ ಅವ್ವ ಹಿತ್ತಲ ಮೆಟ್ಟಿಲ ಮೇಲೆ. ಮಕ್ಕಳು ಸೋಫಾ ಹತ್ತಿದರೆ ಗದರಿಕೆ. ಯಜಮಾನರೇ ಪಂಚೆ ಸುತ್ತಿಕೊಂಡು ನೆಲದ ಮೇಲೆ ಉರುಳುತ್ತಾರೆ, ತಂಪು ಇರುವುದು ಅಲ್ಲೊಂದೇ ಕಡೆ. ನೆಂಟರು ಬರುವುದು ವರ್ಷಕ್ಕೆ ನಾಲ್ಕು ದಿನ. ಮನೆಮಂದಿ ಇರುವುದು 365 ದಿನ. ನಾಲ್ಕು ದಿನದವರ ಕಣ್ಣಿಗಾಗಿ ಉಳಿದವರ ಮೈ ಬೇಯಬೇಕೆ?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಸಾಲದ ವಿಷಯ ಬಲ್ಲವರೇ. ಗೋಡೆ, ತಾರಸಿಗೆ ಸಾಲ ಮಾಡಿದರೆ ಮನೆಯಾದರೂ ನಿಲ್ಲುತ್ತದೆ. ಪರದೆ, ಸೀಲಿಂಗು, ಶೋಕೇಸಿಗೆ ಮಾಡಿದ ಸಾಲದ ಕಂತು ತೀರುವ ಮೊದಲೇ ಸರಕು ಹಳತಾಗಿರುತ್ತದೆ.

ನಮ್ಮ ಬಾಗಿಲು, ಅವರ ಶೋಭೆ

ಇನ್ನೊಂದು ತಮಾಷೆ ನೋಡಿ. ಮನೆ ಕೆಡವಿದಾಗ ಬಂದ ಸಾಗುವಾನಿ ಬಾಗಿಲು, ಕೆತ್ತನೆಯ ಚೌಕಟ್ಟು, ಬೋದಿಗೆ ಕಂಬ ಎಲ್ಲವನ್ನೂ ಹಳೇ ಕಟ್ಟಿಗೆಯ ದರಕ್ಕೆ ಮಾರಿಬಿಡುವುದು ವಾಡಿಕೆ. ಅದೇ ಮಾಲು ಊರು ದಾಟಿ, ಪಾಲಿಶ್ ಕಂಡು, ರೆಸಾರ್ಟಿನ, ಸಾಹುಕಾರರ ಬಂಗಲೆಯ ಅಂಗಳದಲ್ಲಿ ನಿಂತರೆ ಅದರ ಬೆಲೆಯೇ ಬೇರೆ. ತಮಿಳುನಾಡಿನ ಕಾರೈಕುಡಿಯಲ್ಲಿ ಚೆಟ್ಟಿಯಾರರ ಮನೆಗಳಿಂದ ಬಂದ ಕಂಬ, ಬಾಗಿಲು, ಪಾತ್ರೆಗಳನ್ನು ಮಾರುವ ಬೀದಿಯೇ ಇದೆ. ಪಕ್ಕದ ಕೊಪ್ಪಳ ಜಿಲ್ಲೆಯ ಕುಕನೂರಿನ ಕಮಲ ಮಹಲನ್ನು ವಿಜಯನಾಥ ಶೆಣೈ ಅವರು ಬಿಚ್ಚಿಸಿ ಒಯ್ದು ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಮತ್ತೆ ನಿಲ್ಲಿಸಿದರು. ಅವರು ಮಾಡಿದ್ದು ಪುಣ್ಯದ ಕೆಲಸ, ಇಲ್ಲವಾದರೆ ಅದರ ಗತಿ ಏನಾಗುತ್ತಿತ್ತೋ. ಆದರೆ ಈ ಕಡೆಯ ಮಂದಿ ತಮ್ಮದೇ ಮರಗೆಲಸ ನೋಡಲು ಮಣಿಪಾಲಕ್ಕೆ ಬಸ್ಸು ಹತ್ತಬೇಕಾಯಿತಲ್ಲ!

ಹಳೇ ಬಾಗಿಲನ್ನು ಬಡಗಿಯ ಕೈಗೆ ಕೊಟ್ಟು ಉಜ್ಜಿಸಿ, ಎಣ್ಣೆ ಹಚ್ಚಿಸಿ ಹೊಸ ಮನೆಗೆ ಕೂಡಿಸಿದರೆ ಅದಕ್ಕಿಂತ ಅಂದದ ಅಲಂಕಾರ ಯಾವ ಷೋರೂಮಿನಲ್ಲಿದೆ? ಊರ ಬಡಗಿಯ ಒಲೆಯೂ ಉರಿಯುತ್ತದೆ.

ಅಂಗಡಿಯವರಿಗೂ ಒಂದು ಮಾತು

ಬೆಂಗಳೂರು ರಸ್ತೆಯ, ಬ್ರೂಸ್‌ಪೇಟೆಯ, ಕೌಲ್ ಬಜಾರಿನ ವ್ಯಾಪಾರಿಗಳು ಇದನ್ನು ತಮ್ಮ ಹೊಟ್ಟೆಯ ಮೇಲೆ ಹೊಡೆಯುವ ಮಾತೆಂದು ತಿಳಿಯಬೇಕಿಲ್ಲ. ದೂರದ ಊರಿನ ಮಾಲು ಮಾರಿದಂತೆ ಹತ್ತಿರದ್ದನ್ನೂ ಮಾರಬಹುದು. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚ್ಯಂಕದ ಮುದ್ರೆ ಇದೆ. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಹೆಣ್ಣುಮಕ್ಕಳು ತಯಾರಿಸಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ದಾಖಲೆ ಸೇರಿದ ದಿಂಬಿನ ಚೀಲ ಬಳ್ಳಾರಿಯ ಎಷ್ಟು ದಿವಾನದ ಮೇಲಿದೆ? ನವಲಗುಂದದ ಜಮಖಾನ, ಕಿನ್ನಾಳದ ಬಣ್ಣದ ಗೊಂಬೆ ಇವೂ ದೂರದವೇನಲ್ಲ. ಮನೆಯ ಅಜ್ಜಿಯರು ಹೊಲಿದ ಕೌದಿ ಬೇಸಿಗೆಗೂ ಚಳಿಗೂ ಒಗ್ಗುವಂಥದ್ದು. ಜೀನ್ಸ್ ಹೊಲಿಗೆಯ ಊರಿನಲ್ಲಿ ಚಿಂದಿಗೇನು ಬರ? ಅದನ್ನೇ ಕೌದಿಯಾಗಿ, ಕುರ್ಚಿಯ ಹೊದಿಕೆಯಾಗಿ ಹೊಲಿಸಿ ಅಂಗಡಿಯಲ್ಲಿ ತೂಗುಹಾಕಿದರೆ ಕೊಳ್ಳುವವರು ಬಾರದಿರಲಾರರು. ನೆಲಕ್ಕೆ ತಾಡಪತ್ರಿಯ, ಬೇತಂಚೆರ್ಲದ ಕಲ್ಲು ಪಕ್ಕದ ಸೀಮೆಯಿಂದಲೇ ಬರುತ್ತದೆ. ತೀರ ನುಣುಪು ಮಾಡಿಸದಿದ್ದರೆ ಕಾಲಿಗೆ ತಂಪು, ಜಾರುವ ಭಯವೂ ಕಮ್ಮಿ.

ಮನೆ ಕಟ್ಟುವವರು ಸೋಫಾ ಆರಿಸುವ ಮೊದಲು ನಾಲ್ಕು ಕೆಲಸ ಮುಗಿಸಲಿ. ತಾರಸಿಗೆ ಬಿಳಿ ಸುಣ್ಣವನ್ನೋ ತಂಪಿನ ಬಣ್ಣವನ್ನೋ ಬಳಿಸಲಿ. ಪಡುವಣ ಕಿಟಕಿಗೆ ಅಗಲವಾದ ಸಜ್ಜಾ ಇಳಿಸಿ, ಬೇಸಿಗೆಗೆ ಲಾವಂಚದ ತಟ್ಟಿ ಕಟ್ಟಲಿ. ಬಿಸಿ ಗಾಳಿ ಹೊರಹೋಗಲು ಮೇಲೆ ಕಿಂಡಿ ಬಿಡಲಿ. ಮುಂದೊಂದು ಕಟ್ಟೆ ಉಳಿಸಲಿ. ಆಮೇಲೆ ದುಡ್ಡು ಮಿಕ್ಕರೆ ಸಿಂಗಾರ ಬೇಕಾದಷ್ಟು ಮಾಡಲಿ, ಬೇಡವೆಂದವರಾರು?

ಆಳುವವರಿಗೂ ಇದರಲ್ಲಿ ಪಾಲಿದೆ. ತೆಲಂಗಾಣ ಸರ್ಕಾರ 2023ರಲ್ಲೇ ತಂಪು ಛಾವಣಿಗಾಗಿ ನೀತಿಯೊಂದನ್ನು ತಂದಿತು. ಬಳ್ಳಾರಿಯ ಬಿಸಿಲು ಅದಕ್ಕೇನು ಕಡಿಮೆ? ಬಡವರ ತಗಡಿನ ಸೂರಿಗೆ, ಆಶ್ರಯ ಮನೆಗಳ ತಾರಸಿಗೆ ಪ್ರತಿವರ್ಷ ಬೇಸಿಗೆಗೆ ಮುಂಚೆ ಸುಣ್ಣ ಹೊಡೆಸುವ ಕೆಲಸವನ್ನು ಪಾಲಿಕೆ, ಪಂಚಾಯಿತಿಗಳು ಕೈಗೆತ್ತಿಕೊಂಡರೆ ಅದಕ್ಕೆ ಕೋಟಿಗಟ್ಟಲೆ ಬೇಕಾಗಲಾರದು. ಸೋಫಾ ಕೊಳ್ಳುವ ಯೋಗ್ಯತೆಯೇ ಇಲ್ಲದ ಮನೆಯಲ್ಲೂ ಕೂಸು ಮಧ್ಯಾಹ್ನ ನಿದ್ದೆ ಮಾಡಬೇಕಲ್ಲವೆ?